ಮಕ್ಕಳ ಕೌದಿ: ಮೂರು ಪದರವನ್ನು ಬೇಗ ಹೊಲಿದು ಮುಗಿಸುವುದು

ಬಟ್ಟೆಯ ತುಂಡುಗಳನ್ನು ಜೋಡಿಸುವವರೆಗೆ ಎಲ್ಲರಿಗೂ ಹುರುಪು. ಆಮೇಲೆ ಕೌದಿ ಮಡಿಚಿಕೊಂಡು ಕಪಾಟು ಸೇರುತ್ತದೆ. ಮೂರು ಪದರ ಸೇರಿಸಿ ಹೊಲಿಯುವುದು ದೊಡ್ಡ ಕೆಲಸ ಅನ್ನಿಸುತ್ತದೆ, ಅಲ್ವಾ? ಮಕ್ಕಳ ಕೌದಿಗೆ ಅಷ್ಟು ಹೆದರಬೇಕಿಲ್ಲ.

ಈ ಹೊಲಿಗೆಯ ಮುಖ್ಯ ಕೆಲಸ ಒಂದೇ. ಒಗೆದಾಗ ನಡುವಿನ ಹತ್ತಿ ಪದರ, ಅಂದರೆ ಬ್ಯಾಟಿಂಗ್, ಸರಿದು ಗಂಟು ಕಟ್ಟಬಾರದು. ಹಾಗಾಗಿ ಮೊದಲು ಬ್ಯಾಟಿಂಗ್ ಪ್ಯಾಕೆಟ್ ಓದಿ. ಹೊಲಿಗೆಯಿಂದ ಹೊಲಿಗೆಗೆ ಎಷ್ಟು ಅಂತರ ಇರಬಹುದು ಅಂತ ಅದರಲ್ಲೇ ಬರೆದಿರುತ್ತಾರೆ. ಕೆಲವಕ್ಕೆ 3–4 ಇಂಚು, ಕೆಲವಕ್ಕೆ 8–10 ಇಂಚಿನವರೆಗೂ ನಡೆಯುತ್ತದೆ. 36×45 ಇಂಚಿನ ಕೌದಿಗೆ 4 ಇಂಚಿಗೊಂದರಂತೆ ಉದ್ದಕ್ಕೆ ಹೊಲಿದರೆ 8 ಗೆರೆ ಸಾಕು, ಒಟ್ಟು ಸುಮಾರು 9 ಮೀಟರ್. 2 ಇಂಚಿಗೆ ಇಳಿಸಿದರೆ 17 ಗೆರೆ, 19 ಮೀಟರ್ ದಾಟುತ್ತದೆ. ಸುಮ್ನೆ ಒತ್ತೊತ್ತಾಗಿ ಹೊಲಿದರೆ ಸಮಯವೂ ಜಾಸ್ತಿ, ಕೌದಿಯೂ ಬಿರುಸು.

ಹೊಲಿಯಲು ಕೂರುವ ಮೊದಲು ಅಡಿಬಟ್ಟೆಯನ್ನು ನೆಲಕ್ಕೆ ಬಿಗಿಯಾಗಿ ಟೇಪ್ ಹಾಕಿ ಹರಡಿ. ಮೇಲೆ ಬ್ಯಾಟಿಂಗ್, ಅದರ ಮೇಲೆ ಜೋಡಿಸಿದ ಬಟ್ಟೆ. ನಡುವಿನಿಂದ ಅಂಚಿನ ಕಡೆಗೆ, ಅಂಗೈ ಅಗಲಕ್ಕೊಂದು ಸೇಫ್ಟಿ ಪಿನ್ ಚುಚ್ಚುತ್ತಾ ಹೋಗಿ. ನಾನು ಒಮ್ಮೆ ಪಿನ್ನುಗಳನ್ನು ದೂರ ದೂರ ಹಾಕಿದ್ದೆ. ಹಿಂಬದಿಯಲ್ಲಿ ನೆರಿಗೆ ಬಿದ್ದು ಮೂರು ಗೆರೆ ಬಿಚ್ಚಬೇಕಾಯಿತು. ಪಿನ್ ಹಾಕಲು ಕೊಟ್ಟ ಅರ್ಧ ಗಂಟೆ ಯಾವತ್ತೂ ದಂಡವಲ್ಲ.

ಜೋಡಣೆಯ ಗೆರೆಯ ಮೇಲೆಯೇ ಹೊಲಿಯುವುದು ಸುಲಭ ಅಂತ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಒಂದು ಮಿಲಿಮೀಟರ್ ತಪ್ಪಿದರೂ ಕಣ್ಣಿಗೆ ಹೊಡೆಯುತ್ತದೆ. ಅದರ ಪಕ್ಕ ಕಾಲು ಇಂಚು ಬಿಟ್ಟು ಹೊಲಿಯಿರಿ. ನೇರ ಗೆರೆಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಅದರ ಅಂಚಿನಲ್ಲೇ ಹೊಲಿದು, ಕಿತ್ತು ಮುಂದಕ್ಕೆ ಅಂಟಿಸಿ. ರಾತ್ರಿಯಿಡೀ ಬಿಟ್ಟರೆ ಗೋಂದು ಬಟ್ಟೆಗೆ ಹಿಡಿಯಬಹುದು. ಇನ್ನೂ ಸುಲಭ ಬೇಕೆಂದರೆ ಅಲೆಅಲೆಯಾದ ಗೆರೆ ಹಾಕಿ. ಅದು ವಾಲಿದರೂ ತಪ್ಪು ಅನ್ನಿಸುವುದಿಲ್ಲ.

ಮಷಿನ್‌ಗೆ ವಾಕಿಂಗ್ ಫುಟ್ ಇದ್ದರೆ ಹಾಕಿಕೊಳ್ಳಿ. ಫುಟ್ ಅಂದರೆ ಸೂಜಿಯ ಬಳಿ ಬಟ್ಟೆಯನ್ನು ಒತ್ತಿ ಹಿಡಿಯುವ ಭಾಗ. ಮಾಮೂಲಿ ಫುಟ್‌ನಲ್ಲಿ ಕೆಳಗಿನ ಹಲ್ಲುಗಳು ಅಡಿಬಟ್ಟೆಯನ್ನು ಎಳೆಯುತ್ತವೆ, ಮೇಲಿನ ಬಟ್ಟೆ ಹಿಂದೆ ಉಳಿಯುತ್ತದೆ. ವಾಕಿಂಗ್ ಫುಟ್‌ಗೆ ತನ್ನದೇ ಹಲ್ಲುಗಳಿರುವುದರಿಂದ ಎರಡೂ ಒಟ್ಟಿಗೆ ಸಾಗುತ್ತವೆ. ಹೊಲಿಗೆ ಉದ್ದ 3 ಮಿಲಿಮೀಟರ್ ಇರಲಿ. ಮೊದಲ ಗೆರೆ ಕೌದಿಯ ನಡುವೆ.

ಎಲ್ಲಕ್ಕಿಂತ ಬೇಗ ಮುಗಿಯುವುದು ಗೆರೆ ಹೊಲಿಯುವ ಬದಲು ಅಲ್ಲಲ್ಲಿ ಗಂಟು ಹಾಕುವ ವಿಧಾನ. ದಪ್ಪ ಹತ್ತಿ ದಾರವನ್ನು ಮೂರೂ ಪದರ ದಾಟಿಸಿ ಕೆಳಗಿಳಿಸಿ, ಸುಮಾರು ಕಾಲು ಇಂಚು ಪಕ್ಕದಲ್ಲಿ ಮೇಲೆ ತಂದು, ಬಲವನ್ನು ಎಡದ ಮೇಲೆ, ಆಮೇಲೆ ಎಡವನ್ನು ಬಲದ ಮೇಲೆ ಹಾಕಿ ಬಿಗಿ ಮಾಡಿ. ಎರಡೂ ಸಲ ಒಂದೇ ಕಡೆಯಿಂದ ಹಾಕಿದ ಗಂಟು ಜಾರುತ್ತದೆ. ಸಿಕ್ಕಿದ್ದೆಲ್ಲ ಬಾಯಿಗಿಡುವ ವಯಸ್ಸಿನ ಮಗುವಿಗಾದರೆ ದಾರದ ತುದಿ ಬೇಡ. ಮಷಿನ್‌ನಲ್ಲಿ ಜಿಗ್‌ಜ್ಯಾಗ್ ಇಟ್ಟು, ಹೊಲಿಗೆ ಉದ್ದ ಸೊನ್ನೆ ಮಾಡಿ, ಒಂದೇ ಜಾಗದಲ್ಲಿ ಎಂಟು ಹತ್ತು ಸಲ ಸೂಜಿ ಇಳಿಸಿ, ಕೊನೆಗೆ ನೇರ ಹೊಲಿಗೆಯಿಂದ ಭದ್ರ ಮಾಡಿ. ಗುಂಡಿ, ಮಣಿ ಅಂತೂ ಬೇಡವೇ ಬೇಡ.

ಗಂಟು ಹಾಕುವ ಕೌದಿಗೆ ಅಂಚಿನ ಪಟ್ಟಿಯೂ ಬೇಡ. ಪಿನ್ ಹಾಕುವ ಮೊದಲೇ ಎರಡು ಬಟ್ಟೆಗಳ ಚಂದದ ಮುಖ ಒಳಗಿಟ್ಟು, ಕೆಳಗೆ ಬ್ಯಾಟಿಂಗ್ ಹಾಸಿ, ಸುತ್ತ ಹೊಲಿಯಿರಿ. ಒಂದು ಕಡೆ 8–10 ಇಂಚು ಬಿಡಿ. ಮೂಲೆಗಳಲ್ಲಿ ಹೊಲಿಗೆಯಾಚೆಗಿನ ಬಟ್ಟೆಯನ್ನು ಕತ್ತರಿಸಿ, ದಿಂಬಿನ ಕವರ್‌ನಂತೆ ತಿರುವಿ, ಬಾಯಿ ಮುಚ್ಚಿ, ಅಂಚಿನಿಂದ ಕಾಲು ಇಂಚು ಒಳಗೆ ಒಂದು ಸುತ್ತು ಹೊಲಿಗೆ ಹಾಕಿ. ಗಂಟುಗಳು ಆಮೇಲೆ.

ವರ್ಷ ತುಂಬದ ಕೂಸಿಗೆ ಮಲಗಿಸುವಾಗ ಕೌದಿ ಹೊದಿಸಬೇಡಿ, ತೊಟ್ಟಿಲಲ್ಲೂ ಇಡಬೇಡಿ. ಎಚ್ಚರವಿದ್ದಾಗ ನೆಲಕ್ಕೆ ಹಾಸಿ ಆಡಲು ಬಿಡಿ. ಕೊಡುವ ಮೊದಲು ಪಿನ್ನುಗಳನ್ನು ಎಣಿಸಿ ತೆಗೆದು, ಒಮ್ಮೆ ಒಗೆದು ಒಣಗಿಸಿ ಅಂಗೈ ಆಡಿಸಿ. ಎಲ್ಲಾದರೂ ಹತ್ತಿ ಸರಿದಂತೆ ಅನ್ನಿಸಿದರೆ ಸಮ ಮಾಡಿ, ಅಲ್ಲಿಗೆ ಇನ್ನೊಂದು ಗಂಟು ಹಾಕಿ.