ನೆಲದೊಳಗೆ ಇಳಿದುಹೋಗುವ ಮ್ಯಾನಿಫೋಲ್ಡ್ ನದಿ

ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ, ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದ ಒಳಗೆ, ಮ್ಯಾನಿಫೋಲ್ಡ್ ಅನ್ನೋ ಸಣ್ಣ ನದಿಯೊಂದಿದೆ. ಬೇಸಿಗೆಯಲ್ಲಿ ಅದರ ದಂಡೆ ಹಿಡಿದು ನಡೆದವರು ಒಂದು ಕಡೆ ನಿಂತೇ ನಿಲ್ಲುತ್ತಾರೆ. ವೆಟನ್ ಮಿಲ್ ಎಂಬ ಹಳೆಯ ಗಿರಣಿಯವರೆಗೆ ನೀರು ಚೆನ್ನಾಗಿಯೇ ಹರಿಯುತ್ತಿರುತ್ತದೆ. ಅಲ್ಲಿಂದ ತುಸು ಕೆಳಗೆ ಬಂದರೆ ನದಿಯೇ ಇಲ್ಲ! ಪಾತ್ರ ಇದೆ, ದಡ ಇದೆ, ನೀರು ಉಜ್ಜಿ ನುಣುಪು ಮಾಡಿದ ಬಂಡೆಗಳಿವೆ. ಬಂಡೆಗಳ ನಡುವೆ ಬಟರ್‌ಬರ್ ಗಿಡಗಳು ಮೊಳದಗಲದ ಎಲೆ ಬಿಚ್ಚಿಕೊಂಡು ನಿಂತಿವೆ. ನೀರು ಮಾತ್ರ ಒಂದು ಹನಿಯೂ ಇಲ್ಲ. ಹಕ್ಕಿಯ ದಾರಿಯಲ್ಲಿ ಅಳೆದರೂ ಆರು ಕಿಲೋಮೀಟರಿಗಿಂತ ಜಾಸ್ತಿ ದೂರದ ಇಲಂ ಊರಿನಲ್ಲಿ, ಹಳೆಯ ಬಂಗಲೆಯೊಂದರ ತೋಟದ ಬದಿಯ ಬಂಡೆಯ ಬುಡದಿಂದ ಅದೇ ನೀರು ದಬದಬನೆ ಹೊರಗೆ ಬರುತ್ತದೆ.

ಅದೇ ನೀರು ಅಂತ ಹೇಗೆ ಗೊತ್ತು? ನನಗೆ ಇಲ್ಲಿ ತುಂಬ ಇಷ್ಟವಾಗೋದು ಈ ಪ್ರಶ್ನೆಯೇ. 1770ರ ದಶಕದಲ್ಲಿ, ಇಂಗ್ಲಿಷ್ ನಿಘಂಟು ಬರೆದ ಸ್ಯಾಮ್ಯುಯೆಲ್ ಜಾನ್ಸನ್ ಇಲ್ಲಿಗೆ ಬಂದಿದ್ದರು. ನದಿ ನೆಲದೊಳಗೆ ಹೋಗಿ ಮತ್ತೆ ಇಲ್ಲಿ ಏಳುತ್ತದೆ ಅಂದರೆ ಅವರು ನಂಬಲಿಲ್ಲ. ಜೊತೆಗಿದ್ದ ಗೆಳೆಯ, ಮುಂದೆ ಅವರ ಜೀವನಚರಿತ್ರೆ ಬರೆದ ಬಾಸ್ವೆಲ್ ಇದನ್ನು ಬರೆದಿಟ್ಟಿದ್ದಾರೆ. ಆಗ ಅಲ್ಲಿನ ತೋಟಗಾರ ಹೇಳಿದ ಮಾತು ಹೀಗಿದೆ: ನದಿ ಮುಳುಗುವ ಕಡೆ ನಾನು ಬಿರಡೆಗಳನ್ನು ಹಾಕಿದ್ದೆ, ನೀರು ಹೊರಗೆ ಬರುವ ಬಾಯಿಗೆ ಬಲೆ ಕಟ್ಟಿದ್ದೆ, ಬಿರಡೆಗಳು ಬಲೆಗೆ ಸಿಕ್ಕವು. ಇಷ್ಟಾದರೂ ಜಾನ್ಸನ್ ಒಪ್ಪಲಿಲ್ಲವಂತೆ. ಅನುಮಾನ ಪಡೋದು ಒಳ್ಳೆಯದೇ. ಆದರೆ ಪರೀಕ್ಷೆ ಮಾಡಿ ತೋರಿಸಿದ ಮೇಲೂ ತಲೆ ಅಲ್ಲಾಡಿಸುವುದನ್ನು ಅನುಮಾನ ಅನ್ನೋಕಾಗಲ್ಲ. ಬಾಸ್ವೆಲ್ ಆ ತೋಟಗಾರನ ಹೆಸರನ್ನೂ ಬರೆದಿಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ನೀರು ಎಲ್ಲಿಗೆ ಹೋಗುತ್ತದೆ ಅನ್ನೋದು ತೀರ್ಮಾನವಾಯಿತು. ಹೇಗೆ ಹೋಗುತ್ತದೆ ಅನ್ನೋದರ ಬಗ್ಗೆ ಮಾತ್ರ ಇವತ್ತಿಗೂ ತಪ್ಪು ಕಲ್ಪನೆಗಳಿವೆ. ಸುಣ್ಣದ ಕಲ್ಲು ನೀರು ಹೀರಿಕೊಳ್ಳುತ್ತದೆ ಅಂತ ಜನ ಸುಲಭವಾಗಿ ಹೇಳಿಬಿಡುತ್ತಾರೆ. ಇಲ್ಲ, ಇಲ್ಲಿನ ಕಲ್ಲು ಹೀರುವುದಿಲ್ಲ. 33ರಿಂದ 35 ಕೋಟಿ ವರ್ಷಗಳ ಹಿಂದೆ ಬೆಚ್ಚಗಿನ, ಆಳವಿಲ್ಲದ ಕಡಲಿನ ತಳದಲ್ಲಿ ಚಿಪ್ಪು, ಕವಚಗಳು ಪದರಪದರವಾಗಿ ಕೂತು ಗಟ್ಟಿಯಾದ ಕಲ್ಲು ಇದು. ಒಣಗಿದ ನದೀಪಾತ್ರದಲ್ಲಿ ಬಗ್ಗಿ ನೋಡಿದರೆ ಬಂಡೆಯ ಮೈಮೇಲೆ ಸಣ್ಣ ಸಣ್ಣ ದುಂಡು ಬಿಲ್ಲೆಗಳು ಕಾಣಿಸಬಹುದು. ಅವು ಕ್ರಿನಾಯ್ಡ್ ಎಂಬ ಕಡಲಪ್ರಾಣಿಯ ಕಾಂಡದ ತುಂಡುಗಳು. ನೋಡಲು ಹೂವಿನ ಗಿಡ, ಆದರೆ ನಕ್ಷತ್ರ ಮೀನಿನ ಸಂಬಂಧಿ. ಈ ಕಲ್ಲು ಎಷ್ಟು ಒತ್ತಾಗಿದೆ ಅಂದರೆ ಅದರ ಒಳಗಿನಿಂದ ನೀರು ಹಾಯುವುದು ತೀರಾ ಕಡಿಮೆ. ನೀರಿಗೆ ಇರುವ ದಾರಿ ಕಲ್ಲಿನ ಪದರಗಳ ನಡುವಿನ ಸಂದು ಮತ್ತು ಬಿರುಕುಗಳು ಮಾತ್ರ. ಮೊದಲಿಗೆ ಅವು ಕೂದಲೆಳೆಯಷ್ಟು ಕಿರಿದು.

ಮಳೆನೀರು ಗಾಳಿಯಿಂದ ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ತೆಗೆದುಕೊಳ್ಳುತ್ತದೆ, ಮಣ್ಣಿನಿಂದ ಇನ್ನೂ ಜಾಸ್ತಿ. ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವುದರಿಂದ ಮಣ್ಣಿನೊಳಗಿನ ಗಾಳಿಯಲ್ಲಿ ಆ ಅನಿಲ ಹತ್ತಾರು ಪಟ್ಟು ಹೆಚ್ಚಿರುತ್ತದೆ. ನೀರು ಮೆಲ್ಲಗೆ ಹುಳಿಯಾಗುತ್ತದೆ, ಹುಳಿ ನೀರು ಸುಣ್ಣದ ಕಲ್ಲನ್ನು ಕರಗಿಸುತ್ತದೆ. ಶಾಲೆಯ ಪುಸ್ತಕ ಇಲ್ಲಿಗೆ ನಿಲ್ಲಿಸುತ್ತದೆ. ಆದರೆ ನಿಜವಾದ ಒಗಟು ಶುರುವಾಗೋದೇ ಇಲ್ಲಿ. ಆ ಹುಳಿ ಬಿರುಕಿನ ಬಾಯಲ್ಲೇ ಖರ್ಚಾಗಿ ಹೋಗಬೇಕಿತ್ತಲ್ವಾ? ಬಾಯಿ ಅಗಲವಾಗಿ, ಒಳಗೆ ಬಿರುಕು ಹಾಗೇ ಉಳಿಯಬೇಕಿತ್ತು. ಹಾಗಿದ್ದರೆ ಕಿಲೋಮೀಟರುಗಟ್ಟಲೆ ದಾರಿ ಹೇಗೆ ಕೊರೆದುಕೊಂಡಿತು?

ಕರಗಿಸುವ ಕೆಲಸ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಶುರುವಿನಲ್ಲಿ ನೀರು ಕಲ್ಲನ್ನು ಬೇಗ ಬೇಗ ಕರಗಿಸುತ್ತದೆ. ನೀರಿನಲ್ಲಿ ಸುಣ್ಣ ತುಂಬುತ್ತಾ ಬಂದಂತೆ ವೇಗ ಇಳಿಯುತ್ತದೆ. ಪೂರ್ತಿ ತುಂಬಲು ಇನ್ನೇನು ಸ್ವಲ್ಪ ಬಾಕಿ ಅನ್ನುವಾಗ ವೇಗ ಎಷ್ಟು ಬಿದ್ದುಹೋಗುತ್ತದೆ ಅಂದರೆ, ಉಳಿದ ಚೂರು ಶಕ್ತಿ ಖರ್ಚಾಗಲು ಬಹಳ ದೂರ ಬೇಕಾಗುತ್ತದೆ. ಆ ಚೂರು ಶಕ್ತಿಯೇ ಬಿರುಕಿನ ಕೊನೆಯವರೆಗೂ ಹೋಗಿ, ಸಾವಿರಾರು ವರ್ಷ ಕಲ್ಲನ್ನು ಸವೆಸುತ್ತದೆ. ಕೊನೆಗೆ ಯಾವುದೋ ಒಂದು ಬಿರುಕು ಉಳಿದವುಗಳಿಗಿಂತ ತುಸು ಮುಂಚೆ ಆಚೆ ತುದಿಯವರೆಗೆ ಅಗಲವಾಗುತ್ತದೆ. ಅಗಲವಾದದ್ದರಲ್ಲಿ ನೀರು ಜಾಸ್ತಿ ಹರಿಯುತ್ತದೆ, ಜಾಸ್ತಿ ಹರಿದದ್ದು ಇನ್ನೂ ಅಗಲವಾಗುತ್ತದೆ. ಅಕ್ಕಪಕ್ಕದ ಬಿರುಕುಗಳಿಗೆ ನೀರೇ ಸಿಗುವುದಿಲ್ಲ. ಹುಲ್ಲುಗಾವಲಿನಲ್ಲಿ ಕಾಲುದಾರಿ ಮೂಡುವುದೂ ಹೀಗೇ. ಯಾರೋ ನಾಲ್ಕು ಜನ ನಡೆದ ಕಡೆ ಹುಲ್ಲು ಮಲಗುತ್ತದೆ, ಹುಲ್ಲು ಮಲಗಿದ ಕಡೆಯೇ ಮುಂದಿನವರು ಕಾಲಿಡುತ್ತಾರೆ.

   

ಬೇಸಿಗೆಯಲ್ಲಿ ಒಣಗುವ ಈ ಪಾತ್ರದಲ್ಲಿ ಚಳಿಗಾಲಕ್ಕೆ ಮತ್ತೆ ನೀರು ಹರಿಯುತ್ತದೆ. ಅದು ಯಾಕೆ? ನೆಲದೊಳಗಿನ ದಾರಿಗಳಿಗೆ ಒಂದು ಮಿತಿ ಇದೆ. ಬೇಸಿಗೆಯ ಕಡಿಮೆ ನೀರನ್ನು ಅವು ಪೂರ್ತಿ ನುಂಗುತ್ತವೆ. ಮಳೆ ಜೋರಾದಾಗ ಅವು ತುಂಬಿ, ಮಿಕ್ಕ ನೀರು ಹಳೆಯ ಪಾತ್ರದಲ್ಲೇ ಹೋಗುತ್ತದೆ. ನದಿಯ ಕಣಿವೆ ಇಷ್ಟು ಆಳವಾದದ್ದಕ್ಕೆ ಹಿಮಯುಗದ ಪಾಲೂ ಇದೆ. ಆಗ ನೆಲ ಹೆಪ್ಪುಗಟ್ಟಿ ಬಿರುಕುಗಳೆಲ್ಲ ಮುಚ್ಚಿದ್ದವು, ಹಿಮ ಕರಗಿದ ನೀರು ಮೇಲೇ ಹರಿದು ಕಲ್ಲು ಕೊರೆಯಿತು. ಕಣಿವೆಯ ತಳದಿಂದ ಸುಮಾರು 80 ಮೀಟರ್ ಎತ್ತರದಲ್ಲಿ ಬಾಯಿ ತೆರೆದುಕೊಂಡಿರುವ ಥೋರ್ಸ್ ಕೇವ್ ಎಂಬ ಗುಹೆ ಒಂದು ಕಾಲಕ್ಕೆ ನೀರಿನ ದಾರಿಯೇ ಆಗಿತ್ತು. ನದಿ ಕೆಳಗೆ ಇಳಿಯಿತು, ಗುಹೆ ಮೇಲೆ ಉಳಿಯಿತು. ವೆಟನ್ ಊರಿನ ಶಾಲಾ ಮೇಷ್ಟ್ರು ಸ್ಯಾಮ್ಯುಯೆಲ್ ಕ್ಯಾರಿಂಗ್ಟನ್ 1864ರಲ್ಲಿ ಅಲ್ಲಿ ಅಗೆದು, ಹಿಂದಿನ ಜನ ಬಿಟ್ಟುಹೋದ ಕುರುಹುಗಳನ್ನು ಕಂಡರು. ಈಗ ಯಾರು ಬೇಕಾದರೂ ಮೆಟ್ಟಿಲು ಹತ್ತಿ ಹೋಗಬಹುದು. ಒಳಗಿನ ಕಲ್ಲು ಜನರ ಕಾಲಡಿ ಸವೆದು ಸವೆದು ತುಂಬ ಜಾರುತ್ತದೆ, ಜೋಪಾನ.

ಕಣಿವೆಯ ಮುಖ್ಯ ದಾರಿ ಹಲ್ಮ್ ಎಂಡ್‌ನಿಂದ ವಾಟರ್‌ಹೌಸಸ್‌ವರೆಗೆ ಸುಮಾರು 13 ಕಿಲೋಮೀಟರ್. ಗಾಲಿಕುರ್ಚಿಯಲ್ಲೂ ಹೋಗುವಷ್ಟು ಸಪಾಟಾಗಿದೆ, ಯಾಕಂದರೆ ಅದು ಹಿಂದೆ ರೈಲು ಹಳಿ. ಎರಡೂವರೆ ಅಡಿ ಅಗಲದ ಹಳಿಯ ಆ ಪುಟ್ಟ ರೈಲು 1904ರಲ್ಲಿ ಶುರುವಾಗಿ, ಹಾಲಿನ ಕ್ಯಾನ್‌ಗಳನ್ನೂ ಪ್ರವಾಸಿಗಳನ್ನೂ ಹೊತ್ತು, 1934ರಲ್ಲಿ ನಿಂತಿತು. ಹಳಿ ಕಿತ್ತು 1937ರಲ್ಲಿ ನಡೆಯುವ ದಾರಿ ಮಾಡಿದರು. ಆ ರೈಲು ದಾರಿಯ ಎಂಜಿನಿಯರ್ ಎವೆರಾರ್ಡ್ ಕ್ಯಾಲ್ತ್ರಾಪ್. ಇದಕ್ಕೂ ಮುಂಚೆ 1897ರಲ್ಲಿ ಸೋಲಾಪುರ ಜಿಲ್ಲೆಯ ಬಾರ್ಶಿಗೆ ಅಷ್ಟೇ ಅಗಲದ ಹಳಿ ಹಾಕಿಸಿದವರೂ ಇವರೇ. ಬಾರ್ಶಿ ಲೈನು ಮುಂದೆ ಪಂಢರಪುರ, ಮೀರಜ್‌ವರೆಗೂ ಬೆಳೆಯಿತು. ಬೆಳಗಾವಿ ಕಡೆಯಿಂದ ವಿಠ್ಠಲನ ದರ್ಶನಕ್ಕೆ ಹೊರಟ ನಮ್ಮ ಹಿರಿಯರು ಮೀರಜ್‌ನಲ್ಲಿ ಇಳಿದು ಹತ್ತುತ್ತಿದ್ದದ್ದು ಅದೇ ಪುಟ್ಟ ರೈಲನ್ನು. ಸೋಲಾಪುರದ ಬಯಲಿನಲ್ಲಿ ಕಲಿತ ಪಾಠ ಸ್ಟಾಫರ್ಡ್‌ಶೈರ್‌ನ ಕಣಿವೆಯಲ್ಲಿ ಉಪಯೋಗಕ್ಕೆ ಬಂತು. ಇಲ್ಲಿನ ಎಂಜಿನ್‌ಗಳೂ ಭಾರತದ ರೈಲಿನ ಮಾದರಿಯಲ್ಲೇ ಇದ್ದವು.

ಮತ್ತೆ ನೀರಿಗೆ ಬರೋಣ. ತೋಟಗಾರನ ಬಿರಡೆಯ ಜಾಗದಲ್ಲಿ ಈಗ ಫ್ಲೋರೆಸೀನ್ ಎಂಬ ಹಸಿರು ಬಣ್ಣ ಬಂದಿದೆ. ಸುಣ್ಣದ ಕಲ್ಲಿನ ಸೀಮೆಗಳಲ್ಲಿ ನೀರು ಮುಳುಗುವ ಕಡೆ ಅದನ್ನು ಸುರಿದು, ಸುತ್ತಲಿನ ಬುಗ್ಗೆಗಳಲ್ಲಿ ಕಾಯುತ್ತಾರೆ. ಕಣ್ಣಿಗೆ ಕಾಣದಷ್ಟು ಕಡಿಮೆ ಇದ್ದರೂ ಉಪಕರಣಕ್ಕೆ ಸಿಗುತ್ತದೆ. ಇದು ಬರೀ ಕುತೂಹಲಕ್ಕೆ ಮಾಡುವ ಕೆಲಸ ಅಲ್ಲ. ನೆಲದಡಿಯಿಂದ ಬಂದ ನೀರು ಸೋಸಿ ಶುದ್ಧವಾಗಿರುತ್ತದೆ ಅನ್ನೋ ನಂಬಿಕೆ ಎಲ್ಲ ಕಡೆಯೂ ಇದೆ. ಮರಳು, ಮಣ್ಣಿನ ನಡುವೆ ನಿಧಾನವಾಗಿ ಇಳಿದ ನೀರಿಗೆ ಅದು ಬಹುಮಟ್ಟಿಗೆ ನಿಜ. ಆದರೆ ಅಗಲವಾದ ಬಿರುಕುಗಳಲ್ಲಿ ಓಡುವ ನೀರನ್ನು ಸೋಸುವವರು ಯಾರೂ ಇಲ್ಲ. ಬಿರಡೆ ಪಾರಾಗಿ ಬಂದ ದಾರಿಯಲ್ಲಿ ಕೊಟ್ಟಿಗೆಯ ಗಂಜಲವೂ ಪಾರಾಗಿ ಬರುತ್ತದೆ, ಅದೂ ಬೇಗ. ಹಾಗಾಗಿ ಇಂಥ ಕಣಿವೆಗಳಲ್ಲಿ ಬುಗ್ಗೆಯ ನೀರು ಎಷ್ಟು ತಿಳಿಯಾಗಿ ಕಂಡರೂ ಬೊಗಸೆಯಲ್ಲಿ ಹಿಡಿದು ಕುಡಿಯಬೇಡಿ. ಮೇಲ್ಗಡೆ ಹಸುಗಳು ಮೇಯುತ್ತಿರುತ್ತವೆ.