ಮೊದಲು ಹೊಡೆದವರು ಯಾರು ಅಂತ ಕೇಳಿದರೆ ಸಾಲದು

ಮಂಡ್ಯದ ಕೋರ್ಟಿನ ಹತ್ತಿರ ನಾನು ದಿನಾ ಟೀ ಕುಡಿಯುವ ಅಂಗಡಿ ಇದೆ. ಅಲ್ಲಿ ನನ್ನ ಇಬ್ಬರು ಕಕ್ಷಿದಾರರು ಮಾತು ಬಿಟ್ಟಿದ್ದಾರೆ. ಜಮೀನಿಗಲ್ಲ, ನೀರಿಗಲ್ಲ, ಎಲ್ಲೋ ಸಾವಿರಾರು ಮೈಲಿ ದೂರದಲ್ಲಿ ನಡೆಯುತ್ತಿರುವ ಯುದ್ಧ ಸರಿಯೋ ತಪ್ಪೋ ಅಂತ! ಯಾವ ಯುದ್ಧ ಅಂತ ಬರೆಯುವುದಿಲ್ಲ, ಬರೆದರೆ ನೀವೂ ಮೊದಲೇ ಒಂದು ಕಡೆ ಸೇರಿಕೊಂಡು ಓದುತ್ತೀರಿ. ಒಬ್ಬರು ರಿಟೈರ್ ಆದ ಮೇಷ್ಟ್ರು, ಇನ್ನೊಬ್ಬರು ಕಬ್ಬು ಬೆಳೆಯುವ ಗೌಡರು. ಪಂಚಾಯ್ತಿಗೆ ನನ್ನನ್ನು ಎಳೆದರು. "ಲಾಯರ್ ಸಾಹೇಬ್ರೇ, ಮೊದ್ಲು ಹೊಡ್ದೋರು ಯಾರು? ಅಷ್ಟು ಹೇಳ್ಬುಡಿ ಸಾಕು" ಅಂದರು ಗೌಡರು.

ಈ 'ಅಷ್ಟು ಹೇಳಿ ಸಾಕು' ಕೇಳಿ ಕೇಳಿ ನನಗೆ ಸಾಕಾಗಿದೆ. ಮೂವತ್ತು ವರ್ಷದಿಂದ ಕ್ರಿಮಿನಲ್ ಕೇಸು ನಡೆಸುತ್ತಿದ್ದೇನೆ. ಹೊಡೆದಾಟ ಮಾಡಿಕೊಂಡು ಬಂದವರೆಲ್ಲ ಕುರ್ಚಿ ಮೇಲೆ ಕೂರುವ ಮೊದಲೇ ಹೇಳುವ ಮಾತು ಒಂದೇ: ಮೊದಲು ಹೊಡೆದಿದ್ದು ಅವನು. ಅದು ನಿಜವೇ ಇರಬಹುದು. ಆದರೆ ನನಗೆ ಬೇಕಾಗಿರುವುದು ಅದರ ಮುಂದಿನ ಕಥೆ, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಹಳೇ ಕೇಸೊಂದು ಹೇಳುತ್ತೇನೆ. ವಿ.ಸಿ. ನಾಲೆಯ ಕೊನೆ ಭಾಗದ ಒಂದು ಊರು, ರಾತ್ರಿ ನೀರಿನ ಸರದಿ. ತೂಬಿನ ಹತ್ತಿರ ಜಗಳ ಆಗಿ ಪಕ್ಕದ ಗದ್ದೆಯವನು ಗುದ್ದಲಿ ಎತ್ತಿಕೊಂಡು ಮೇಲೆ ಬಂದ. ನನ್ನ ಕಕ್ಷಿದಾರ ಕೈಲಿದ್ದ ದೊಣ್ಣೆಯಿಂದ ತೋಳಿಗೆ ಒಂದು ಬಿಟ್ಟ. ಗುದ್ದಲಿ ಬಿತ್ತು, ಅವನು ಓಡಿಹೋದ. ಅಲ್ಲಿಗೆ ಮುಗಿದಿದ್ದರೆ ಇವನಿಗೆ ಕೇಸೂ ಇರುತ್ತಿರಲಿಲ್ಲ, ನನಗೆ ಫೀಸೂ ಇರುತ್ತಿರಲಿಲ್ಲ. ಈ ಮಹಾಶಯ ಬೆಳಗ್ಗೆ ಎದ್ದು, ಮುದ್ದೆ ಉಂಡು, ಇಬ್ಬರು ಬಾಮೈದರನ್ನು ಜೊತೆಗೆ ಹಾಕಿಕೊಂಡು ಆ ಮನೆಗೆ ಹೋಗಿ, ಅವನ ಕಾಲು ಮುರಿದು, ಬಿಡಿಸಲು ಬಂದ ಅವನ ಅಪ್ಪನಿಗೂ ನಾಲ್ಕು ಬಾರಿಸಿ ಬಂದಿದ್ದ. ಆಮೇಲೆ ನನ್ನ ಆಫೀಸಿನಲ್ಲಿ ಕೂತು "ಅವ್ನೇ ಸಾ ಮೊದ್ಲು ಬಂದಿದ್ದು" ಅಂದ.

ರಾತ್ರಿಯ ಏಟು ಆತ್ಮರಕ್ಷಣೆ. ಬೆಳಗಿನದು ಅಲ್ಲ. ಹಳೇ ಐಪಿಸಿಯಲ್ಲಿ 96ರಿಂದ 106ನೇ ಸೆಕ್ಷನ್‌ವರೆಗೆ ಇದೇ ವಿಚಾರ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44 ಆಗಿದೆ, ನಂಬರು ಬದಲಾಗಿದೆ ಅಷ್ಟೇ, ಒಳಗಿನ ತತ್ವ ಹಾಗೇ ಇದೆ. ಅಪಾಯ ಇರುವ ತನಕ ಮಾತ್ರ ಹಕ್ಕು. ತಪ್ಪಿಸಿಕೊಳ್ಳಲು ಎಷ್ಟು ಬೇಕೋ ಅಷ್ಟೇ ಏಟು. ಪೊಲೀಸರ ಹತ್ತಿರ ಹೋಗಲು ಸಮಯ ಇದ್ದರೆ ಆ ಹಕ್ಕೇ ಇಲ್ಲ, ಮತ್ತು ಮುದ್ದೆ ಉಣ್ಣಲು ಸಮಯ ಇತ್ತು ಅಂದ ಮೇಲೆ ಠಾಣೆಗೆ ಹೋಗಲೂ ಇತ್ತು ಅಲ್ವಾ?

ದೇಶಗಳ ಕಾನೂನೂ ಹೆಚ್ಚು ಕಡಿಮೆ ಇದೇ ದಾರಿಯಲ್ಲಿದೆ. 1945ರ ವಿಶ್ವಸಂಸ್ಥೆಯ ಸನ್ನದಿನ 2(4)ನೇ ವಿಧಿ, ಇನ್ನೊಂದು ದೇಶದ ಮೇಲೆ ಬಲ ಬಳಸಬೇಡಿ ಅನ್ನುತ್ತದೆ. 51ನೇ ವಿಧಿ, ನಿಮ್ಮ ಮೇಲೆ ಸಶಸ್ತ್ರ ದಾಳಿ ಆದರೆ ರಕ್ಷಿಸಿಕೊಳ್ಳಬಹುದು, ಆದರೆ ಭದ್ರತಾ ಮಂಡಳಿಗೆ ತಕ್ಷಣ ತಿಳಿಸಬೇಕು, ಮಂಡಳಿ ಕ್ರಮ ಕೈಗೊಳ್ಳುವ ತನಕ ಮಾತ್ರ ಅನ್ನುತ್ತದೆ. ಅಗತ್ಯ ಇದ್ದಷ್ಟೇ, ಅಳತೆ ಮೀರದಂತೆ ಅನ್ನುವ ಮಾತು ಆ ವಿಧಿಯಲ್ಲಿ ಬರೆದಿಲ್ಲ. ಅದು ರೂಢಿಯಿಂದ ಬಂದದ್ದು, 1986ರಲ್ಲಿ ಅಮೆರಿಕದ ವಿರುದ್ಧ ನಿಕರಾಗುವಾ ಹಾಕಿದ ಕೇಸಿನಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ಅದನ್ನು ಗಟ್ಟಿ ಮಾಡಿ ಹೇಳಿತು.

ನನ್ನ ಹೋಲಿಕೆ ಒಂದು ಕಡೆ ಕುಂಟುತ್ತದೆ, ಒಪ್ಪಿಕೊಳ್ಳುತ್ತೇನೆ. ದೇಶಗಳಿಗೆ ಠಾಣೆ ಇಲ್ಲ. ಭದ್ರತಾ ಮಂಡಳಿಯನ್ನು ಠಾಣೆ ಅಂದುಕೊಂಡರೆ, ಅಲ್ಲಿನ 15 ಜನರಲ್ಲಿ ಕಾಯಂ ಕೂತಿರುವ ಐವರ ಪೈಕಿ ಯಾರೊಬ್ಬರು ಬೇಡ ಅಂದರೂ ಎಫ್‌ಐಆರ್ ಆಗುವುದಿಲ್ಲ. ಹಾಗಾಗಿ 'ಕಾಯಿರಿ' ಅಂತ ದಾಳಿಗೊಳಗಾದ ದೇಶಕ್ಕೆ ಹೇಳುವುದು ನನ್ನಂಥವನಿಗೂ ಕಷ್ಟ. ಆದರೂ ಕಾರಣದ ಲೆಕ್ಕ ಬೇರೆ, ಅಳತೆಯ ಲೆಕ್ಕ ಬೇರೆ. ಒಂದರಲ್ಲಿ ಜಮಾ ಇದೆ ಅಂತ ಇನ್ನೊಂದರಲ್ಲಿ ಎಷ್ಟು ಬೇಕಾದರೂ ಖರ್ಚು ಹಾಕಲು ಬರುವುದಿಲ್ಲ. ಟಿವಿ ಚರ್ಚೆಯಲ್ಲಿ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ. ಒಬ್ಬ ಕಾರಣ ಹೇಳುತ್ತಾನೆ, ಎದುರಿನವನು ಸತ್ತವರ ಲೆಕ್ಕ ಹೇಳುತ್ತಾನೆ. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ, ಇಬ್ಬರೂ ಎದುರಿನವನನ್ನು ಸುಳ್ಳ ಅನ್ನುತ್ತಿರುತ್ತಾರೆ.

ಗೌಡರಿಗೆ ಇದು ಹಿಡಿಸಲಿಲ್ಲ. ಅದಕ್ಕೆ ಶ್ರೀರಂಗಪಟ್ಟಣದ ಕಥೆ ಹೇಳಿದೆ. (ಟಿಪ್ಪು ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ದಯವಿಟ್ಟು ನನಗೆ ಕಳಿಸಬೇಡಿ.) 1784ರಲ್ಲಿ ಬ್ರಿಟಿಷ್ ಪಾರ್ಲಿಮೆಂಟೇ ಒಂದು ಕಾಯ್ದೆ ಮಾಡಿ, ಹಿಂದೂಸ್ತಾನದಲ್ಲಿ ಗೆದ್ದು ರಾಜ್ಯ ಹಿಗ್ಗಿಸುವುದು ನಮ್ಮ ಮಾನಕ್ಕೆ ತಕ್ಕದ್ದಲ್ಲ ಅಂತ ಬರೆದುಕೊಂಡಿತ್ತು. ಈಸ್ಟ್ ಇಂಡಿಯಾ ಕಂಪನಿಯ ಮೇಲೋ ಅದರ ಮಿತ್ರರ ಮೇಲೋ ಯಾರಾದರೂ ಬಿದ್ದರೆ ಮಾತು ಬೇರೆ. 1789ರ ಡಿಸೆಂಬರ್ ಕೊನೆಯಲ್ಲಿ ಟಿಪ್ಪು ತಿರುವಾಂಕೂರಿನ ಗಡಿಕೋಟೆಯ ಮೇಲೆ ದಾಳಿ ಮಾಡಿದ. ತಿರುವಾಂಕೂರು ಕಂಪನಿಯ ಮಿತ್ರ. ಟಿಪ್ಪು ಕಡೆಯ ವಾದವೂ ಇತ್ತು: ತಿರುವಾಂಕೂರಿನ ರಾಜ ಡಚ್ಚರಿಂದ ಕೊಂಡ ಎರಡು ಕೋಟೆಗಳ ನೆಲ ನನಗೆ ಕಪ್ಪ ಕೊಡುವ ಕೊಚ್ಚಿಯದು, ಅದನ್ನು ಮಾರಲು ಡಚ್ಚರು ಯಾರು? ಸಿವಿಲ್ ಕೇಸು ಅಂದರೆ ಇದು, ನನ್ನ ಕೈಗೆ ಸಿಕ್ಕಿದ್ದರೆ ಇಪ್ಪತ್ತು ವರ್ಷ ಎಳೆಯುತ್ತಿದ್ದೆ. ಇರಲಿ. ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ಗೆ ಯುದ್ಧಕ್ಕೆ ಕಾರಣ ಸಿಕ್ಕಿತು. ಆದರೆ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮುಗಿದದ್ದು ಎಲ್ಲಿಗೆ? ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಗೆ ಇಬ್ಬರು ಗಂಡುಮಕ್ಕಳು. ತಿರುವಾಂಕೂರಿನ ಗೋಡೆ ಕಾಯಲು ಮೈಸೂರಿನ ಅರ್ಧ ಯಾಕೆ ಬೇಕಾಯಿತು? ಯುದ್ಧ ನಡೆಯುತ್ತಿದ್ದಾಗಲೇ, 1791ರಲ್ಲಿ, ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಫಿಲಿಪ್ ಫ್ರಾನ್ಸಿಸ್ ಮುಂತಾದ ವಿರೋಧಿಗಳು ಈ ಯುದ್ಧವನ್ನು ಪ್ರಶ್ನಿಸಿದ್ದರು. ಅವರೇನೂ ಟಿಪ್ಪುವಿನ ನೆಂಟರಲ್ಲ.

"ನಮ್ಮೂರಿನ ಕೋಟೆ ವಿಷ್ಯ ಬುಡಿ ಸಾ, ಅದು ಮುಗ್ದೋದ್ ಕತೆ" ಅಂದರು ಗೌಡರು.

ಒಂದೇ ಸಾಲಿನ ಉತ್ತರ ಕೇಳುವವರು ಮಂಡ್ಯದಲ್ಲಿ ಮಾತ್ರ ಇಲ್ಲ. ಇರಾಕ್ ಯುದ್ಧಕ್ಕೆ ಮೊದಲು, 2003ರ ಮಾರ್ಚ್ 7ರಂದು, ಬ್ರಿಟನ್ನಿನ ಅಟಾರ್ನಿ ಜನರಲ್ ಪೀಟರ್ ಗೋಲ್ಡ್‌ಸ್ಮಿತ್ ಪ್ರಧಾನಿ ಬ್ಲೇರ್‌ಗೆ 13 ಪುಟದ ಅಭಿಪ್ರಾಯ ಕೊಟ್ಟರು. ವಕೀಲರ ಭಾಷೆಯಲ್ಲಿ 'ಹೌದು, ಆದರೆ'ಗಳೇ ತುಂಬಿದ್ದವು: ಯುದ್ಧ ಕಾನೂನುಬದ್ಧ ಅಂತ ವಾದ ಮಾಡಬಹುದು, ಆದರೆ ಭದ್ರತಾ ಮಂಡಳಿಯ ಇನ್ನೊಂದು ನಿರ್ಣಯ ಪಡೆಯುವುದೇ ಸುರಕ್ಷಿತ. ಹತ್ತೇ ದಿನಕ್ಕೆ, 17ರಂದು, ಪಾರ್ಲಿಮೆಂಟಿಗೆ ಕೊಟ್ಟ ಉತ್ತರ ಒಂದು ಪುಟದಷ್ಟು. ಆದರೆಗಳೆಲ್ಲ ಮಾಯ. 20ರಂದು ಯುದ್ಧ ಶುರು. ಅಲ್ಲಿನ ವಿದೇಶಾಂಗ ಇಲಾಖೆಯ ಉಪ ಕಾನೂನು ಸಲಹೆಗಾರ್ತಿ ಎಲಿಜಬೆತ್ ವಿಲ್ಮ್ಸ್‌ಹರ್ಸ್ಟ್ ಇದು ಕಾನೂನಿಗೆ ವಿರುದ್ಧ ಅಂತ ರಾಜೀನಾಮೆ ಕೊಟ್ಟು ಮನೆಗೆ ಹೋದರು. ಆ ಮಹಾತಾಯಿಯನ್ನು ನೆನೆದರೆ ಈಗಲೂ ನನಗೆ ಕೈ ಮುಗಿಯೋಣ ಅನ್ನಿಸುತ್ತದೆ. ಕಕ್ಷಿದಾರನಿಗೆ ಇಷ್ಟವಿಲ್ಲದ್ದನ್ನು ಹೇಳಿ ವಕಾಲತ್ತು ಬಿಡುವುದು ಎಷ್ಟು ಕಷ್ಟ ಅಂತ ನಮಗೆ ಗೊತ್ತು.

ಅಲ್ಲಿವರೆಗೆ ಸುಮ್ನೆ ಕೂತಿದ್ದ ಮೇಷ್ಟ್ರು ಆಗ ಬಾಯಿ ಬಿಟ್ಟರು. "ಹಾಗಾದರೆ 71ರದ್ದು?"

ಈ ಪ್ರಶ್ನೆ ಬಂದೇ ಬರುತ್ತದೆ. ಬರಬೇಕು ಕೂಡ. 1971ರ ಡಿಸೆಂಬರ್ 3ರಂದು ನಮ್ಮ ವಿಮಾನ ನಿಲ್ದಾಣಗಳ ಮೇಲೆ ಬಾಂಬು ಹಾಕಿದ್ದು ಪಾಕಿಸ್ತಾನ. ಅದಕ್ಕೂ ಮೊದಲು ಪೂರ್ವ ಪಾಕಿಸ್ತಾನದಿಂದ, ಅಂದರೆ ಈಗಿನ ಬಾಂಗ್ಲಾದೇಶದಿಂದ, ಸುಮಾರು ಒಂದು ಕೋಟಿ ನಿರಾಶ್ರಿತರು ಬಂದಿದ್ದರು, ಅಲ್ಲಿನ ಬಂಡುಕೋರರ ಪಡೆ ಮುಕ್ತಿ ಬಾಹಿನಿಗೆ ನಾವು ತರಬೇತಿ ಕೊಡುತ್ತಿದ್ದೆವು. ಡಿಸೆಂಬರ್ 7ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 104 ದೇಶಗಳು ಕದನ ನಿಲ್ಲಿಸಿ ಅಂದವು, ವಿರುದ್ಧ ಬಂದದ್ದು 11 ವೋಟು. ಆ ಯುದ್ಧ ಸರಿ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. 16ನೇ ತಾರೀಕು ಢಾಕಾದಲ್ಲಿ ಶರಣಾಗತಿ ಆದ ಮೇಲೆ ಪಶ್ಚಿಮದಲ್ಲೂ ಕದನ ನಿಲ್ಲಿಸುತ್ತೇವೆ ಅಂತ ನಾವೇ ಹೇಳಿದೆವು ನೋಡಿ, ನನಗೆ ಜಾಸ್ತಿ ಹಿಡಿಸುವುದು ಅದು. ಆದರೆ ಜನರನ್ನು ಕಾಪಾಡಲು ಇನ್ನೊಂದು ದೇಶಕ್ಕೆ ಸೈನ್ಯ ನುಗ್ಗಿಸಬಹುದು ಅಂತ ಸನ್ನದಿನಲ್ಲಿ ಎಲ್ಲೂ ಬರೆದಿಲ್ಲ, ಆ ವಾದವನ್ನೇ ಮುಂದಿಟ್ಟರೆ ಕೋರ್ಟಿನಲ್ಲಿ ಏನಾಗುತ್ತಿತ್ತು ಅಂತ ಗ್ಯಾರಂಟಿ ಕೊಡಲಾರೆ. ಇಷ್ಟು ಹೇಳಿದ್ದಕ್ಕೆ ಮೇಷ್ಟ್ರು ಗ್ಲಾಸು ಕೆಳಗಿಟ್ಟು, "ಒಟ್ನಲ್ಲಿ ನೀವು ಯಾವ ಕಡೆ ಅಂತ ಹೇಳಲ್ಲ" ಅಂದರು. ಗೌಡರೂ ತಲೆ ಆಡಿಸಿದರು. ಆ ಒಂದು ವಿಷಯದಲ್ಲಿ ಇಬ್ಬರೂ ಒಂದಾದರು.

ನೀರಿನ ಜಗಳದವನ ಕೇಸಿನಲ್ಲಿ ರಾತ್ರಿಯ ಏಟನ್ನು ಕೋರ್ಟು ಒಪ್ಪಿತು, ಬೆಳಗಿನದಕ್ಕೆ ಶಿಕ್ಷೆ ಆಯಿತು, ಅಪೀಲಿನಲ್ಲಿ ಸ್ವಲ್ಪ ಕಡಿಮೆ ಆಯಿತು. ಈಗಲೂ ಆಲೆಮನೆ ಶುರುವಾದಾಗ ಒಂದಿಷ್ಟು ಅಚ್ಚುಬೆಲ್ಲ ತಂದುಕೊಡುತ್ತಾನೆ. ಕೊಟ್ಟು, ಬಾಗಿಲ ತನಕ ಹೋಗಿ, ತಿರುಗಿ ನಿಂತು ಹೇಳುತ್ತಾನೆ: "ಏನೇ ಅನ್ನಿ ಸಾ, ಮೊದ್ಲು ಗುದ್ಲಿ ಎತ್ತಿದ್ದು ಅವ್ನೇಯ."