ಹಳೇ ಫ್ಲಾಪಿಯ ಲೆಕ್ಕ: 1.44 ಎಂಬಿ ಅಂದರೆ ನಿಜವಾಗಿ ಎಷ್ಟು?

ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯಿಂದ ಶಿವಮೊಗ್ಗದ ನಮ್ಮ ಅಂಗಡಿಗೆ ಈಗಲೂ ಫ್ಲಾಪಿಗಳು ಬರುತ್ತವೆ. ಅಡಿಕೆ ಮಂಡಿಯ ಹಳೇ ಲೆಕ್ಕ, ಡಿಟಿಪಿ ಮಾಡಿಟ್ಟ ಮದುವೆ ಕಾಗದ, ಅಪ್ಪ ಟೈಪ್ ಮಾಡಿಟ್ಟ ಪತ್ರಗಳು. ತಂದವರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಮಾರಾಯ್ರೇ, ಇಷ್ಟೂ ಒಂದು ಪೆನ್‌ಡ್ರೈವಿಗೆ ಹಿಡಿಯುತ್ತಾ?" ಹಿಡಿಯುತ್ತದೆ. 16 ಜಿಬಿ ಪೆನ್‌ಡ್ರೈವಿನಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ಫ್ಲಾಪಿಗಳಷ್ಟು ಜಾಗ ಇದೆ. ಆದರೆ ಫ್ಲಾಪಿಯ ಅಳತೆ ಸರಿಯಾಗಿ ಗೊತ್ತಿಲ್ಲದಿದ್ದರೆ ಕಾಪಿ ಪೂರ್ತಿ ಆಯಿತೋ, ನಡುವೆಯೇ ನಿಂತಿತೋ ತಿಳಿಯುವುದಿಲ್ಲ.

ಮೂರೂವರೆ ಇಂಚಿನ ಸಾಮಾನ್ಯ ಫ್ಲಾಪಿಯನ್ನೇ ತೆಗೆದುಕೊಳ್ಳಿ. ಎರಡು ಬದಿ, ಬದಿಗೆ 80 ಟ್ರ್ಯಾಕ್ (ಉಂಗುರದಂಥ ಸುತ್ತು), ಟ್ರ್ಯಾಕಿಗೆ 18 ಸೆಕ್ಟರ್ (ಆ ಸುತ್ತಿನ ಒಂದೊಂದು ತುಂಡು), ಸೆಕ್ಟರಿಗೆ 512 ಬೈಟ್. ಗುಣಿಸಿದರೆ 14,74,560 ಬೈಟ್. ಇದನ್ನು 1024ರಿಂದ ಭಾಗಿಸಿದರೆ ಸರಿಯಾಗಿ 1440 ಕೆಬಿ. ಇಲ್ಲಿಯವರೆಗೆ ತೊಂದರೆ ಇಲ್ಲ. ಆಮೇಲೆ ಆ 1440ನ್ನು 1000ದಿಂದ ಭಾಗಿಸಿ "1.44 ಎಂಬಿ" ಅಂತ ಬರೆದುಬಿಟ್ಟರು. ಒಂದು ಸಲ 1024, ಇನ್ನೊಂದು ಸಲ 1000. ಎರಡೂ ಸಲ 1024 ಹಿಡಿದರೆ ಸುಮಾರು 1.41, ಎರಡೂ ಸಲ 1000 ಹಿಡಿದರೆ 1.47. ಹಾಗಾಗಿ ನಾನು ಎಂಬಿಯಲ್ಲಿ ಲೆಕ್ಕ ಹಾಕುವುದೇ ಇಲ್ಲ, ಬೈಟಿಗೆ ಇಳಿಸಿಕೊಳ್ಳುತ್ತೇನೆ. ಹಳೇ ಐದೂಕಾಲು ಇಂಚಿನ 360 ಕೆಬಿ ಡಿಸ್ಕ್ 3,68,640 ಬೈಟ್, ಅದೇ ಅಳತೆಯ 1.2 ಎಂಬಿಯದು 12,28,800.

ಇಷ್ಟೂ ಜಾಗ ನಮಗೆ ಸಿಗುವುದಿಲ್ಲ. ವಿಂಡೋಸ್‌ಗಿಂತ ಹಿಂದಿನ ಡಾಸ್‌ನಲ್ಲಿ ಫಾರ್ಮ್ಯಾಟ್ ಮಾಡಿದಾಗ (ಬಳಕೆಗೆ ಸಿದ್ಧ ಮಾಡಿದಾಗ) 33 ಸೆಕ್ಟರ್ ಫ್ಲಾಪಿಯ ಸ್ವಂತ ಲೆಕ್ಕಪತ್ರಕ್ಕೆ ಹೋಗುತ್ತದೆ. ಉಳಿಯುವುದು 14,57,664 ಬೈಟ್. ಅದರಲ್ಲಿ ಏನು ಹಿಡಿಯುತ್ತಿತ್ತು ನೋಡಿ. ಲೆಕ್ಕ ಬರೆದಿಡುವ ಹಳೇ ತಂತ್ರಾಂಶ ಡಿಬೇಸ್‌ನಲ್ಲಿ ಮಂಡಿಯ ಒಂದು ಸಾಲು: ತಾರೀಕಿಗೆ 8 ಬೈಟ್, ಚೀಲದ ನಂಬರಿಗೆ 6, ಬೆಳೆಗಾರರ ಹೆಸರಿಗೆ 30, ತೂಕಕ್ಕೆ 8, ದರಕ್ಕೆ 8, ಅಳಿಸಿದ ಗುರುತಿಗೆ 1. ಒಟ್ಟು 61. ಇಂಥ 23,800ಕ್ಕೂ ಹೆಚ್ಚು ಸಾಲು ಒಂದೇ ಫ್ಲಾಪಿಯಲ್ಲಿ! ಈಗಿನ ಫೋನಿನ 4 ಎಂಬಿಯ ಒಂದು ಫೋಟೋಗೆ ಮೂರು ಫ್ಲಾಪಿ ಬೇಕು. ಹಳೇ ಫ್ಲಾಪಿಯಲ್ಲಿ ಏನು ಮಹಾ ಇರುತ್ತದೆ ಅಂತ ಎಸೆಯಬೇಡಿ ಅನ್ನುವುದು ಇದಕ್ಕೇ.

ಚಿಕ್ಕ ಫೈಲುಗಳ ಲೆಕ್ಕ ಬೇರೆ. ಫೈಲಿನಲ್ಲಿ ಒಂದೇ ಅಕ್ಷರ ಇದ್ದರೂ ಅದು ಪೂರ್ತಿ ಒಂದು ಸೆಕ್ಟರ್ ಹಿಡಿದು ಕೂರುತ್ತದೆ. 700 ಬೈಟಿನ ಪತ್ರಕ್ಕೆ ಎರಡು ಸೆಕ್ಟರ್, ಅಂದರೆ 1024 ಬೈಟ್. ಇನ್ನೊಂದು ಮಿತಿಯೂ ಇದೆ. ಫೋಲ್ಡರ್ ಮಾಡದೆ ಫೈಲುಗಳನ್ನು ನೇರವಾಗಿ ಹಾಕುತ್ತಾ ಹೋದರೆ 224 ಆದ ಮೇಲೆ ಫ್ಲಾಪಿ ತೆಗೆದುಕೊಳ್ಳುವುದಿಲ್ಲ, ಜಾಗ ಎಷ್ಟೇ ಖಾಲಿ ಇರಲಿ. ಹೆಸರು ಬರೆಯುವ ಪಟ್ಟಿಯೇ ತುಂಬಿರುತ್ತದೆ.

ಬಿಟ್ ಮತ್ತು ಬೈಟ್ ಬೆರೆಸಬೇಡಿ, ಇಂಟರ್ನೆಟ್ ವೇಗ ಹೇಳುವುದು ಬಿಟ್‌ನಲ್ಲಿ. ಬೈಟಿಗೆ ಎಂಟು ಬಿಟ್, ಹಾಗಾಗಿ ಒಂದು ಫ್ಲಾಪಿ ಅಂದರೆ 1,17,96,480 ಬಿಟ್. 100 ಎಂಬಿಪಿಎಸ್ (ಸೆಕೆಂಡಿಗೆ ಹತ್ತು ಕೋಟಿ ಬಿಟ್) ಲೈನಿಗೆ ಅದು ಸೆಕೆಂಡಿನ ಎಂಟನೇ ಒಂದು ಭಾಗದ ಕೆಲಸವೂ ಅಲ್ಲ. ಆದರೆ ಫ್ಲಾಪಿ ಓದುವ ಡ್ರೈವಿನಲ್ಲಿ ಡಿಸ್ಕ್ ನಿಮಿಷಕ್ಕೆ 300 ಸುತ್ತು ತಿರುಗುತ್ತದೆ. ಸುತ್ತಿಗೆ ಒಂದು ಟ್ರ್ಯಾಕ್ ಅಂದರೂ 160 ಟ್ರ್ಯಾಕಿಗೆ 32 ಸೆಕೆಂಡ್ ಬೇಕೇ ಬೇಕು. ಜಾಸ್ತಿ ಹೊತ್ತು ಆದರೆ ಗಾಬರಿ ಬೇಡ.

ನಮ್ಮ ಮಲೆನಾಡಿನಲ್ಲಿ ನಿಜವಾದ ಶತ್ರು ಬೂಷ್ಟು. ಫ್ಲಾಪಿಯನ್ನು ಡ್ರೈವಿಗೆ ಹಾಕುವ ಮೊದಲು ಮುಚ್ಚಳದ ಪಟ್ಟಿಯನ್ನು ಬದಿಗೆ ಸರಿಸಿ, ಹಿಂದಿನ ಲೋಹದ ಬಿಲ್ಲೆಯನ್ನು ಬೆರಳಿನಲ್ಲಿ ಮೆಲ್ಲಗೆ ತಿರುಗಿಸುತ್ತಾ ಬೆಳಕಿಗೆ ಹಿಡಿದು ನೋಡಿ. ಕಪ್ಪು ಹಾಳೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಹಾಕಲೇಬೇಡಿ. ಆ ಬೂಷ್ಟು ಡ್ರೈವಿನ ಹೆಡ್ಡಿಗೆ ಅಂಟಿ, ಮುಂದಿನ ಒಳ್ಳೆಯ ಫ್ಲಾಪಿಗಳನ್ನೂ ಗೀಚುತ್ತದೆ. ಬಿಸಿಲಿಗೂ ಇಡಬೇಡಿ. ಗೊತ್ತಿರುವವರ ಹತ್ತಿರ ಶುಚಿ ಮಾಡಿಸಿ. ಚುಕ್ಕೆ ಇಲ್ಲದಿದ್ದರೆ ಮೂಲೆಯ ಗುಂಡಿ ಸರಿಸಿ ತೂತು ಕಾಣುವಂತೆ ಮಾಡಿ. ಆಗ ಕಂಪ್ಯೂಟರ್ ಅದರ ಮೇಲೆ ಏನೂ ಬರೆಯಲಾರದು.

ಫೈಲ್ ಒಂದೊಂದಾಗಿ ಎಳೆಯುವ ಬದಲು ಇಡೀ ಡಿಸ್ಕಿನ ಇಮೇಜ್ (ಸೆಕ್ಟರ್ ಸೆಕ್ಟರಾಗಿ ತೆಗೆದ ಪೂರ್ತಿ ನಕಲು, ಒಂದೇ ಫೈಲಿನಲ್ಲಿ) ತೆಗೆಯಿರಿ, ಅಳಿಸಿದ ಫೈಲುಗಳ ಗುರುತೂ ಅದರಲ್ಲಿ ಬರುತ್ತದೆ. ಇಮೇಜಿನ ಗಾತ್ರ 14,74,560 ಇರಬೇಕು. ಒಂದು ಬೈಟ್ ಕಡಿಮೆ ಇದ್ದರೂ ಕಾಪಿ ಅರ್ಧ ಆಗಿದೆ ಅಂತಲೇ ಅರ್ಥ. ಗಾತ್ರ ಸರಿ ಇದ್ದ ಮಾತ್ರಕ್ಕೆ ಎಲ್ಲಾ ಬಂತು ಅಂತಲೂ ಅಲ್ಲ. ಓದಲಾಗದ ಸೆಕ್ಟರಿನ ಜಾಗಕ್ಕೆ ಕೆಲವು ತಂತ್ರಾಂಶಗಳು ಸುಮ್ನೆ ಸೊನ್ನೆ ತುಂಬುತ್ತವೆ. ಯಾವ ಸೆಕ್ಟರ್ ಕೆಟ್ಟಿದೆ ಅನ್ನುವ ಪಟ್ಟಿಯನ್ನು ಡಿಡಿರೆಸ್ಕ್ಯೂನಂಥ ತಂತ್ರಾಂಶ ಕೊಡುತ್ತದೆ, ಅದನ್ನೂ ಜೊತೆಗಿಡಿ. ಕೆಟ್ಟ ಜಾಗವನ್ನು ಅದು ಬೈಟಿನಲ್ಲಿ ತೋರಿಸುತ್ತದೆ. 512ರಿಂದ ಭಾಗಿಸಿದರೆ ಸೆಕ್ಟರ್ ಸಂಖ್ಯೆ ಸಿಗುತ್ತದೆ. 19ರಿಂದ 32ರ ಒಳಗೆ ಬಂದರೆ ಪೆಟ್ಟು ಬಿದ್ದಿರುವುದು ಫೈಲುಗಳ ಹೆಸರಿನ ಪಟ್ಟಿಗೆ. 33 ಅಥವಾ ಅದಕ್ಕಿಂತ ಮೇಲಿದ್ದರೆ ಯಾವುದೋ ಫೈಲಿನ ಒಳಗೆ, ಇಲ್ಲವೇ ಖಾಲಿ ಜಾಗದಲ್ಲಿ. 1ರಿಂದ 9ರ ಒಳಗಾದರೆ ಪೆಟ್ಟು ಬಿದ್ದಿರುವುದು ಯಾವ ಫೈಲು ಯಾವ ಸೆಕ್ಟರುಗಳಲ್ಲಿದೆ ಅನ್ನುವ ಕೋಷ್ಟಕಕ್ಕೆ. ಆಸೆ ಬಿಡಬೇಡಿ, ಆ ಕೋಷ್ಟಕದ ಇನ್ನೊಂದು ಪ್ರತಿ 10ರಿಂದ 18ರವರೆಗೆ ಇದೆ.